ಮೂರನೆಯ ತಂತಿ

(ಉಮ್ಮಚಗಿಯಲ್ಲಿ ಹೊಸದಾಗಿ ಓದು ಕಲಿತವರ ಮುಂದೆ ಆಡಿದ ಮಾತು)



ಈಗಷ್ಟೇ ಕರೆಂಟು ಹೋಯಿತು. ನಿಮಗೆ ಗೊತ್ತಾಯಿತೇ? ಫ್ಯಾನು ಒಂದು ಗಳಿಗೆ ನಿಂತ ಹಾಗೆ ಮಾಡಿತು. ಮತ್ತೆ ತಿರುಗಿತು. ಯಾರೂ ತಲೆ ಎತ್ತಿ ನೋಡಲಿಲ್ಲ. ಒಳಗೆ ಇನ್ವರ್ಟರ್ ಇದೆ, ಬ್ಯಾಟರಿ ಇದೆ. ನಮಗೆಲ್ಲ ಅದು ರೂಢಿಯಾಗಿ ಹೋಗಿದೆ.

ನಮ್ಮ ಕಡೆ ಮಳೆಗಾಲ ಹೇಗೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಗಾಳಿ ಬಂತು, ಮರ ಬಿತ್ತು, ತಂತಿ ಹರಿಯಿತು. ಲೈನ್‌ಮನ್ ಬೆಟ್ಟದೊಳಗೆ ಲೈನು ಹುಡುಕಿಕೊಂಡು ಹೋಗಬೇಕು. ಹಾಗೆ ನೋಡಿದರೆ ಕರೆಂಟು ಹುಟ್ಟುವುದೇ ನಮ್ಮ ಜಿಲ್ಲೆಯಲ್ಲಿ. ಕಾಳಿ ನದಿಯ ನೀರಿನಿಂದ ನಾಗಝರಿಯಲ್ಲಿ ಹುಟ್ಟುತ್ತದೆ. ನಮ್ಮ ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ಹುಟ್ಟುತ್ತದೆ. ಕದ್ರಾದಲ್ಲಿ ಹುಟ್ಟುತ್ತದೆ. ಕೈಗಾದ ಅಣು ವಿದ್ಯುತ್ ಕೇಂದ್ರದ ಮೊದಲ ಎರಡು ಘಟಕಗಳು 2000ನೇ ಇಸವಿಯಲ್ಲಿ ಪೂರ್ತಿ ಕೆಲಸ ಶುರು ಮಾಡಿದವು. ಈಗ ಅಲ್ಲಿ ನಾಲ್ಕು ಘಟಕಗಳಿವೆ. ದೊಡ್ಡ ದೊಡ್ಡ ತಂತಿಗಳು ನಮ್ಮ ಕಾಡಿನ ಮೇಲೆಯೇ ಹೋಗುತ್ತವೆ. ನಮ್ಮ ಮನೆಯ ದೀಪ ಮಾತ್ರ ಆರಿದ್ರಾ ಮಳೆ ಹಿಡಿದ ಕೂಡಲೇ ಆರುತ್ತದೆ! ಇರಲಿ, ಅದು ಇನ್ನೊಂದು ದಿನದ ಮಾತು.

ಅದಕ್ಕೇ ನಾವು ಇನ್ವರ್ಟರ್ ಇಟ್ಟುಕೊಂಡೆವು. ಕೆಲವರು ಜನರೇಟರ್ ತಂದರು. ಕೆಲವರ ಮಾಡಿನ ಮೇಲೆ ಸೋಲಾರ್ ಇದೆ. ಮೇಲಿನ ಹಳ್ಳದ ನೀರಿನಿಂದ ಚಿಕ್ಕ ಟರ್ಬೈನ್ ತಿರುಗಿಸುವ ಮನೆಗಳೂ ಮಲೆನಾಡಿನಲ್ಲಿ ಇವೆ. ಹೀಗೆ ಒಂದೇ ಮನೆಗೆ ಎರಡು ಕಡೆಯಿಂದ ಕರೆಂಟು ಬರತೊಡಗಿತು. ಆದರೆ ಅರ್ಥಿಂಗ್ ಮಾತ್ರ ಹಳೆಯದೇ ಉಳಿಯಿತು.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಸತ್ತಿತು.

ಎರಡನೇ ಸೂಲಿನ ಎಮ್ಮೆ. ಹಾಲು ಕರೆಯುತ್ತಿತ್ತು. ಕೊಟ್ಟಿಗೆಗೆ ಕಬ್ಬಿಣದ ಪೈಪಿನ ಕಂಬ, ಮೇಲೆ ತಗಡಿನ ಮಾಡು. ಎಮ್ಮೆಯನ್ನು ಸರಪಳಿಯಲ್ಲಿ ಆ ಕಂಬಕ್ಕೇ ಕಟ್ಟುತ್ತಿದ್ದೆವು. ಕೊಟ್ಟಿಗೆಯ ಬಲ್ಬಿಗೆ ಹೋಗುವ ವೈರು ತಗಡಿನ ಕೆಳಗೆ ಹಾದು ಹೋಗಿತ್ತು. ಇಲಿ ಅದನ್ನು ಕಡಿದಿತ್ತು. ಒಂದು ದಿನ ಬೆಳಗಿನ ಜಾವ ಹಾಲು ಕರೆಯಲು ಹೋದಾಗ ಎಮ್ಮೆ ಬಿದ್ದುಕೊಂಡಿತ್ತು. ಬಲ್ಬು ಉರಿಯುತ್ತಲೇ ಇತ್ತು. ಚೆಂಬು ಹಿಡಿದು ಹೋದವರು ಕಂಬ ಮುಟ್ಟಲಿಲ್ಲ. ಅಷ್ಟು ಪುಣ್ಯ.

ನಮಗೆ ಆಗ ತಿಳಿಯದೇ ಹೋದದ್ದು ಒಂದೇ. ಫ್ಯೂಸು ಯಾಕೆ ಹೋಗಲಿಲ್ಲ? ಮನೆ ಕಟ್ಟುವಾಗಲೇ ಅರ್ಥಿಂಗ್ ಗುಂಡಿ ಹೊಡೆದಿದ್ದೆವು. ಅದರ ತಂತಿಯನ್ನು ಕೊಟ್ಟಿಗೆಯ ಕಂಬಕ್ಕೂ ಕಟ್ಟಿತ್ತು. ಅರ್ಥಿಂಗ್ ಇತ್ತು. ಆದರೂ ಎಮ್ಮೆ ಸತ್ತಿತು.

ಇದು ತಿಳಿಯಬೇಕಾದರೆ ಮೊದಲು ಮೂರು ತಂತಿಯ ವಿಷಯ ತಿಳಿಯಬೇಕು.

ಗೋಡೆಯ ಮೂರು ತೂತಿನ ಪ್ಲಗ್ಗನ್ನು ನೆನಪಿಗೆ ತಂದುಕೊಳ್ಳಿ. ಒಳಗೆ ತಂತಿ ಸಿಕ್ಕಿಸುವ ಕಡೆ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಎಲ್, ಎನ್, ಇ. ಎಲ್ ಎಂದರೆ ಕರೆಂಟು ಬರುವ ತಂತಿ. ಅದನ್ನು ನಾವು ಫೇಸ್ ಅನ್ನುತ್ತೇವೆ. ಎನ್ ಎಂದರೆ ನ್ಯೂಟ್ರಲ್. ಬಂದ ಕರೆಂಟು ತಿರುಗಿ ಹೋಗುವ ದಾರಿ ಅದು. ಇ ಎಂದರೆ ಅರ್ಥ್. ಮೇಲಿನ ದೊಡ್ಡ ತೂತು ಅದರದ್ದು. ಅದರ ವೈರು ಹಸಿರು ಬಣ್ಣದ್ದು. ಎಲ್ಲ ಸರಿ ಇರುವಾಗ ಅದಕ್ಕೆ ಏನೂ ಕೆಲಸವಿಲ್ಲ. ಕೆಲಸ ಇಲ್ಲದವರನ್ನು ಮನೆಯಲ್ಲಿ ಕೇಳುವವರಿಲ್ಲ ನೋಡಿ. ಹಾಗೆಯೇ ಈ ತಂತಿಯ ಗತಿ. ಎರಡು ತೂತಿನ ಬೋರ್ಡಿಗೆ ಸಿಕ್ಕಿಸಲು ಮೂರನೆಯ ಪಿನ್ನನ್ನು ಕತ್ತರಿಸಿ ಎಸೆದವರನ್ನು ನಾವು ಕಂಡಿದ್ದೇವೆ. ನಾವೇ ಎಸೆದಿದ್ದೇವೆ. ಮಿಕ್ಸಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಅಂದರೆ ಅಜ್ಜಿ, "ಎಂತೂ ಆಗ್ತಿಲ್ಲೆ, ಚಪ್ಪಲು ಹಾಕ್ಕೋ" ಅನ್ನುತ್ತಿದ್ದಳು.

ಮಿಕ್ಸಿಯ ಒಳಗೆ ವೈರು ಹರಿದು ಲೋಹದ ಮೈಗೆ ತಾಗಿತು ಅನ್ನಿ. ಆಗ ಮೈಯಲ್ಲೆಲ್ಲ ಕರೆಂಟು. ಅದಕ್ಕೆ ಟ್ರಾನ್ಸ್‌ಫಾರ್ಮರಿಗೆ ತಿರುಗಿ ಹೋಗಬೇಕು. ಟ್ರಾನ್ಸ್‌ಫಾರ್ಮರಿನ ಬುಡದಲ್ಲೂ ನ್ಯೂಟ್ರಲನ್ನು ಭೂಮಿಗೆ ಕೊಟ್ಟಿರುತ್ತಾರೆ. ಹಾಗಾಗಿ ನೆಲವೂ ಕರೆಂಟಿಗೆ ಒಂದು ದಾರಿ. ಹಸಿರು ತಂತಿ ಸರಿ ಇದ್ದರೆ ಅದರ ಮೂಲಕ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಒದ್ದೆ ನೆಲ, ಬರಿಗಾಲು ಇದ್ದರಂತೂ ಕೇಳುವುದೇ ಬೇಡ.

ಈಗ ನಮ್ಮ ಎಮ್ಮೆಯ ಲೆಕ್ಕ. ನೀವು ಭಾಗಾಕಾರ ಕಲಿತಿದ್ದೀರಿ. ಸ್ಲೇಟು ತೆಗೆಯಿರಿ.

ಎಮ್ಮೆ ಸತ್ತ ಮೇಲೆ ಒಬ್ಬ ತಿಳಿದ ವೈರ್‌ಮನ್ ಬಂದರು. ಅರ್ಥ್ ಟೆಸ್ಟರ್ ಎಂಬ ಪೆಟ್ಟಿಗೆ ತಂದಿದ್ದರು. ನಮ್ಮ ಹಳೆಯ ಗುಂಡಿಯನ್ನು ಅಳೆದರು. ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅದು ತೋರಿಸುತ್ತದೆ. ಆ ಅಳತೆಗೆ ಓಂ ಅಂತ ಹೆಸರು. ಮಂತ್ರದ ಓಂ ಅಲ್ಲ, ಜರ್ಮನಿಯ ಒಬ್ಬ ವಿಜ್ಞಾನಿಯ ಹೆಸರು! ನಮ್ಮ ಗುಂಡಿ 41 ಓಂ ತೋರಿಸಿತು. ಟ್ರಾನ್ಸ್‌ಫಾರ್ಮರಿನ ಕಡೆಯದು 5 ಓಂ ಅಂತ ಹಿಡಿಯೋಣ. ಎರಡೂ ಸೇರಿ 46. ಮನೆಗೆ ಬರುವ ಕರೆಂಟು 230 ವೋಲ್ಟ್. 230ನ್ನು 46ರಿಂದ ಭಾಗಿಸಿ. ಎಷ್ಟು ಬಂತು? 5. ಅಂದರೆ ನೆಲಕ್ಕೆ ಇಳಿದದ್ದು 5 ಆಂಪಿಯರ್ ಕರೆಂಟು.

ನಮ್ಮ ಬೋರ್ಡಿನಲ್ಲಿ ಇದ್ದದ್ದು 16 ಆಂಪಿಯರಿನ ಎಂಸಿಬಿ. 5 ಹೋದರೆ ಅದು ಬೀಳುವುದೇ? ಬೀಳುವುದಿಲ್ಲ. ಇಸ್ತ್ರಿಪೆಟ್ಟಿಗೆ ಹಾಕಿದ್ದಾರೆ ಅಂದುಕೊಂಡು ಸುಮ್ಮನೆ ಇರುತ್ತದೆ. ಈಗ 41ನ್ನು 5ರಿಂದ ಗುಣಿಸಿ. 205. ಆ ರಾತ್ರಿ ಕಂಬದಲ್ಲಿ ಇದ್ದದ್ದು 205 ವೋಲ್ಟ್. ಅದಕ್ಕೆ ಸರಪಳಿ, ಸರಪಳಿಗೆ ಎಮ್ಮೆ, ಕೆಳಗೆ ಗಂಜಲದ ಒದ್ದೆ ನೆಲ.

ಅರ್ಥಿಂಗ್ ಇದ್ದರೆ ಸಾಲದು. ಅದು ಎಷ್ಟು ಓಂ ಅಂತ ಗೊತ್ತಿರಬೇಕು. ಕೆಲವು ಕಡೆ ಬಲ್ಬು ಹಚ್ಚಿ ನೋಡುತ್ತಾರೆ. ಫೇಸಿಗೂ ಅರ್ಥಿಗೂ ಬಲ್ಬು ಕೊಟ್ಟು, "ಉರೀತಲ್ಲ, ಅರ್ಥಿಂಗ್ ಸರಿ ಇದೆ" ಅಂತ ಹೇಳಿ ಹೋಗುತ್ತಾರೆ. ಅದನ್ನು ನಂಬಬೇಡಿ. 60 ವ್ಯಾಟಿನ ಬಲ್ಬಿಗೆ ಬೇಕಾಗುವುದು ಕಾಲು ಆಂಪಿಯರ್. ಅಷ್ಟನ್ನು ಕೆಟ್ಟ ಗುಂಡಿಯೂ ಕೊಡುತ್ತದೆ. ನಮ್ಮ 41 ಓಂ ಗುಂಡಿಯಲ್ಲೂ ಬಲ್ಬು ಚೆನ್ನಾಗಿಯೇ ಉರಿದಿತ್ತು. ಟೆಸ್ಟರಿನಲ್ಲಿಯೇ ಅಳೆಯಿಸಿ. ನೀವೇ ಬಲ್ಬು ಹಿಡಿದು ಪರೀಕ್ಷೆ ಮಾಡಲು ಹೋಗಬೇಡಿ.

ಗುಂಡಿ ಯಾಕೆ ಹಾಗಾಗಿತ್ತು? ಮನೆಯ ಮುಂದಿನ ಚಿರೆಕಲ್ಲಿನ ಗಟ್ಟಿ ನೆಲದಲ್ಲಿ ಅದನ್ನು ತೆಗೆದಿದ್ದೆವು. ಮಳೆಗಾಲದಲ್ಲಿ ನೆಲವೆಲ್ಲ ನೀರು. ಆಗ ತೊಂದರೆ ಇಲ್ಲ. ಶಿವರಾತ್ರಿ ಕಳೆಯಿತು ಅಂದರೆ ನಮ್ಮ ದಿಬ್ಬದ ನೆಲ ಒಣಗಿ ಬಿರಿಯುತ್ತದೆ. ಒಣ ನೆಲ ಕರೆಂಟನ್ನು ಬಿಡುವುದಿಲ್ಲ. ಅದೂ ಅಲ್ಲದೆ ಇಪ್ಪತ್ತು ವರ್ಷದಲ್ಲಿ ಉಪ್ಪು ತಿಂದು ಪೈಪು ತುಕ್ಕಾಗಿತ್ತು. ತಂತಿ ಕಟ್ಟಿದ ನಟ್ಟು ಕೈ ಹಾಕಿದರೆ ಉದುರಿತು. ಮೇಲೆ ಸಿಮೆಂಟು ಹಾಕಿ ಮುಚ್ಚಿದ್ದರಿಂದ ಯಾರೂ ನೋಡಿರಲಿಲ್ಲ.

ಹೊಸ ಗುಂಡಿಯನ್ನು ಮನೆಯ ಹಿಂದೆ ತೆಗೆದೆವು. ಬಚ್ಚಲ ನೀರು ತೋಟದ ಕಡೆ ಹರಿದು ಹೋಗುವ ಜಾಗ ಅದು. ವರ್ಷವಿಡೀ ತಂಪು ಇರುತ್ತದೆ. ಗೋಡೆಯಿಂದ ಐದು ಅಡಿ ದೂರ ಬಿಟ್ಟೆವು. ಕುಡಿಯುವ ನೀರಿನ ಬಾವಿಯಿಂದ ಇನ್ನೂ ದೂರ. ಉಪ್ಪು ಹಾಕುವುದಲ್ಲವೇ? ಎರಡೂವರೆ ಮೀಟರ್ ಅಂದರೆ ಸುಮಾರು ಎಂಟು ಅಡಿ ಉದ್ದದ ಜಿಐ ಪೈಪು. ಪೈಪಿಗೆ ಅಲ್ಲಲ್ಲಿ ತೂತು. ಅದನ್ನು ನೆಟ್ಟಗೆ ನಿಲ್ಲಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕುತ್ತಾ ಬಂದೆವು. ಉಪ್ಪು ತಂಪು ಹಿಡಿಯುತ್ತದೆ, ಇದ್ದಿಲು ತಂಪನ್ನು ಬಿಟ್ಟುಕೊಡುವುದಿಲ್ಲ. ಈಗ ಉಪ್ಪಿನ ಬದಲು ಬೇರೆ ಪುಡಿಯೂ ಪೇಟೆಯಲ್ಲಿ ಸಿಗುತ್ತದೆ. ಅದರಿಂದ ಪೈಪು ಬೇಗ ಹಾಳಾಗುವುದಿಲ್ಲ. ಪೈಪಿನ ಬಾಯಿಗೆ ಆಲಿಕೆ ಇಟ್ಟೆವು, ನೀರು ಹೊಯ್ಯಲು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುವ ಕೆಲಸ ಮಕ್ಕಳದ್ದು. ಸುತ್ತ ನಾಲ್ಕು ಕಲ್ಲು ಕಟ್ಟಿ ಮೇಲೆ ಎತ್ತಿಡುವ ಮುಚ್ಚಳ ಮಾಡಿದೆವು. ನಟ್ಟು ಕಣ್ಣಿಗೆ ಕಾಣಬೇಕು.

ಅಳೆದರೆ 6 ಓಂ ಬಂತು. 5ರ ಒಳಗೆ ಬಂದರೆ ಇನ್ನೂ ಒಳ್ಳೆಯದು ಅಂದರು ವೈರ್‌ಮನ್. ನಮಗೆ ಖುಷಿಯಾಯಿತು. ಆದರೆ ಅವರು ಮತ್ತೆ ಲೆಕ್ಕ ಮಾಡಿಸಿದರು. 6 ಮತ್ತು 5 ಸೇರಿ 11. 230ನ್ನು 11ರಿಂದ ಭಾಗಿಸಿದರೆ ಸುಮಾರು 21. 16ರ ಎಂಸಿಬಿಯಲ್ಲಿ 21 ಹೋದರೆ ಅದು ಬಿದ್ದೀತು, ಆದರೆ ಕೂಡಲೇ ಅಲ್ಲ. ನಿಧಾನ ಬಿಸಿಯಾಗಿ ಎಷ್ಟೋ ಹೊತ್ತಿನ ಮೇಲೆ ಬೀಳುತ್ತದೆ. ಅಲ್ಲಿಯವರೆಗೆ ಕಂಬದಲ್ಲಿ 126 ವೋಲ್ಟ್ ಇದ್ದೇ ಇರುತ್ತದೆ. "ಹಾಗಾದರೆ ಇಷ್ಟೆಲ್ಲ ಅಗೆದು ಏನು ಉಪಯೋಗ ಮಾರಾಯ್ರೆ?" ಅಂತ ಕೇಳಿದೆವು. ಆಗ ಅವರು ಚೀಲದಿಂದ ಒಂದು ಚಿಕ್ಕ ಪೆಟ್ಟಿಗೆ ತೆಗೆದರು.

ಅದರ ಹೆಸರು ಆರ್‌ಸಿಸಿಬಿ. ಅಂಗಡಿಯಲ್ಲಿ ಇಎಲ್‌ಸಿಬಿ ಅಂದರೂ ಕೊಡುತ್ತಾರೆ. ಅದು ಮಾಡುವ ಕೆಲಸ ಬಹಳ ಸರಳ. ಬೆಳಿಗ್ಗೆ ದಣಪೆ ತೆಗೆದು ದನ ಬಿಡುತ್ತೇವೆ. ಹತ್ತು ಹೋದವು. ಸಂಜೆ ದಣಪೆಯ ಹತ್ತಿರ ನಿಂತು ಎಣಿಸುತ್ತೇವೆ. ಹತ್ತು ಬಂದರೆ ಸರಿ. ಒಂಬತ್ತು ಬಂದರೆ ಒಂದು ಎಲ್ಲೋ ದಾರಿ ತಪ್ಪಿದೆ. ಈ ಪೆಟ್ಟಿಗೆಯೂ ಹಾಗೆಯೇ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ತಿರುಗಿ ಬಂತೇ ಅಂತ ಎಣಿಸುತ್ತಾ ಇರುತ್ತದೆ. ಸ್ವಲ್ಪ ಕಡಿಮೆ ಬಂದರೂ ಕರೆಂಟು ಕಡಿದು ಹಾಕುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಮನೆಗೆ ತರುವಾಗ ಅದರ ಮೇಲೆ 30 ಎಂಎ ಅಂತ ಬರೆದದ್ದನ್ನು ಓದಿ ತನ್ನಿ. ಒಂದು ಆಂಪಿಯರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂವತ್ತು ಭಾಗ. ಅದಕ್ಕಿಂತ ಹೆಚ್ಚು ಕರೆಂಟು ಮೈಯಲ್ಲಿ ಹರಿಯುತ್ತಲೇ ಇದ್ದರೆ ಎದೆಬಡಿತ ತಪ್ಪಬಹುದು. 100, 300 ಅಂತ ಬರೆದದ್ದೂ ಸಿಗುತ್ತದೆ. ಅದು ಜೀವ ಉಳಿಸಲು ಅಲ್ಲ.

ನಮ್ಮ ಹಳೆಯ ಗುಂಡಿಯಲ್ಲಿ 5 ಆಂಪಿಯರ್ ಸೋರಿತ್ತು ಅಂದೆವಲ್ಲ. ಈ ಪೆಟ್ಟಿಗೆ ಇದ್ದಿದ್ದರೆ ಅದೇ ತುಕ್ಕು ಗುಂಡಿಯಲ್ಲಿಯೂ ಎಮ್ಮೆ ಉಳಿಯುತ್ತಿತ್ತು. ಇದನ್ನು ಕೇಳಿ ನಮಗೆ ಬಹಳ ಹೊಟ್ಟೆ ಉರಿಯಿತು.

ಹಾಗಂತ ಪೆಟ್ಟಿಗೆ ಹಾಕಿ ಅರ್ಥಿಂಗ್ ಬಿಡಬಹುದೇ? ಬಿಡಬಾರದು. ಅರ್ಥಿಂಗ್ ಇದ್ದರೆ ವೈರು ಹರಿದು ತಾಗಿದ ಗಳಿಗೆಯಲ್ಲಿಯೇ ಪೆಟ್ಟಿಗೆ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ. ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಟೆಸ್ಟ್ ಎಂಬ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ. ಬಿದ್ದರೆ ಪೆಟ್ಟಿಗೆ ಸರಿ ಇದೆ ಎಂದು ಅರ್ಥ. ಅರ್ಥಿಂಗ್ ಸರಿ ಇದೆ ಎಂದು ಅರ್ಥವಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಆ ಗುಂಡಿ ಒತ್ತಿದರೆ ಬೀಳುತ್ತದೆ.

ಇನ್ನು ಇನ್ವರ್ಟರ್. ಇಲ್ಲಿ ನಮಗೆ ಎರಡನೆಯ ಪಾಠ ಆಯಿತು.

ಒಂದು ಸಂಜೆ ನಮ್ಮಲ್ಲೊಬ್ಬರು ಹೋಲ್ಡರ್ ರಿಪೇರಿ ಮಾಡಲು ಸ್ಟೂಲು ಹತ್ತಿದರು. ಜಾಗ್ರತೆಯವರು. ಮೇನ್ ಸ್ವಿಚ್ ತೆಗೆದೇ ಹತ್ತಿದ್ದರು. ಹೋಲ್ಡರಿನ ಎರಡೂ ಪಿನ್ನಿಗೆ ಬೆರಳು ತಾಗಿತು. ಸ್ಟೂಲಿನಿಂದ ಕೆಳಗೆ ಬಿದ್ದರು. ಮೊಣಕೈ ಮುರಿಯಿತು. ಮೇನ್ ತೆಗೆದರೆ ಕಂಬದ ಕರೆಂಟು ಮಾತ್ರ ಹೋಗುತ್ತದೆ. ಅದು ಹೋಯಿತು ಅಂತ ತಿಳಿದ ಕೂಡಲೇ ಇನ್ವರ್ಟರ್ ತನ್ನ ಕರೆಂಟು ಕೊಡುತ್ತದೆ. ಬ್ಯಾಟರಿ 12 ವೋಲ್ಟಿನದು ನಿಜ. ಆದರೆ ಇನ್ವರ್ಟರಿನಿಂದ ಹೊರಗೆ ಬರುವುದು ಅದೇ 230. "ಕರೆಂಟಿಲ್ಲ, ಮುಟ್ಟಬಹುದು" ಎಂಬ ಮಾತು ಇನ್ವರ್ಟರ್ ಇದ್ದ ಮನೆಯಲ್ಲಿ ನಡೆಯುವುದಿಲ್ಲ. ರಿಪೇರಿಗೆ ಮೊದಲು ಮೇನನ್ನೂ ತೆಗೆಯಬೇಕು, ಇನ್ವರ್ಟರನ್ನೂ ಬಂದ್ ಮಾಡಬೇಕು.

ಇನ್ವರ್ಟರಿಗೆ ಅರ್ಥಿಂಗ್ ಬರುವುದು ಅದರ ಮೂರು ಪಿನ್ನಿನ ಪ್ಲಗ್ಗಿನಿಂದ. ಗುಡುಗು ಸಿಡಿಲು ಬಂತು ಅಂತ ಪ್ಲಗ್ ಕಿತ್ತಿರಿ ಅನ್ನಿ. ಅರ್ಥ್ ಹೋಯಿತು. ಬ್ಯಾಟರಿ ಮಾತ್ರ ಮನೆಗೆ ಕರೆಂಟು ಕೊಡುತ್ತಲೇ ಇದೆ! ಆದ್ದರಿಂದ ಪ್ಲಗ್ ಕೀಳುವುದಾದರೆ ಇನ್ವರ್ಟರನ್ನೂ ಬಂದ್ ಮಾಡಿ. ಅದಕ್ಕಿಂತ ಒಳ್ಳೆಯದು ಅದರ ಮೈಗೆ ಬೇರೆಯಾಗಿ ಒಂದು ಅರ್ಥ್ ವೈರು ಗಟ್ಟಿಯಾಗಿ ಕೊಡಿಸುವುದು. ಸಿಡಿಲಿನ ಮಾತು ಬಂತಲ್ಲ. ಮನೆಯ ಅರ್ಥಿಂಗ್ ಸಿಡಿಲು ತಡೆಯಲು ಮಾಡಿದ್ದಲ್ಲ. ಅದಕ್ಕೆ ಬೇರೆ ವ್ಯವಸ್ಥೆ ಬೇಕು.

ಮೇನಿನ ಹತ್ತಿರ ಇರುವ ಆರ್‌ಸಿಸಿಬಿ ಇನ್ವರ್ಟರಿನ ಕರೆಂಟನ್ನು ಸರಿಯಾಗಿ ಎಣಿಸಲಾರದು. ದನ ಬೇರೆ ದಣಪೆಯಿಂದ ಹೊರಟರೆ ಇಲ್ಲಿ ನಿಂತವನಿಗೆ ಏನು ಗೊತ್ತಾಗಬೇಕು? ಅದು ಬಿದ್ದರೂ ಇನ್ವರ್ಟರ್ ತನ್ನ ಪಾಡಿಗೆ ಕರೆಂಟು ಕೊಡುತ್ತಲೇ ಇರಬಹುದು. ಆದ್ದರಿಂದ ಇನ್ವರ್ಟರಿನಿಂದ ಹೊರಡುವ ಲೈನಿಗೆ ಇನ್ನೊಂದು ಪೆಟ್ಟಿಗೆ ಹಾಕಿಸಬೇಕು. ಅಲ್ಲಿಂದ ಹೊರಡುವ ಫೇಸೂ ನ್ಯೂಟ್ರಲೂ ಎರಡೂ ಅದರ ಮೂಲಕವೇ ಹೋಗಬೇಕು. ಕೆಲವು ಕಡೆ ವೈರು ಉಳಿಸಲು ಫೇಸನ್ನು ಮಾತ್ರ ಎಳೆದು, ನ್ಯೂಟ್ರಲನ್ನು ಮನೆಯದಕ್ಕೇ ಕಲಸಿಬಿಡುತ್ತಾರೆ. ಹಾಗೆ ಮಾಡಿದರೆ ಪೆಟ್ಟಿಗೆ ಕಾರಣವಿಲ್ಲದೆ ಬೀಳುತ್ತದೆ. ಆಮೇಲೆ ಬೇಸರ ಬಂದು ಪೆಟ್ಟಿಗೆಯನ್ನೇ ಕಿತ್ತುಹಾಕುತ್ತಾರೆ.

ವೈರ್‌ಮನ್‌ನನ್ನು ಇನ್ನೊಂದು ಪ್ರಶ್ನೆ ಕೇಳಿ: "ಬ್ಯಾಟರಿಯಲ್ಲಿ ನಡೆಯುವಾಗ ಇನ್ವರ್ಟರಿನ ನ್ಯೂಟ್ರಲ್ ಭೂಮಿಗೆ ಸೇರಿರುತ್ತದೋ ಇಲ್ಲವೋ?" ಇನ್ವರ್ಟರುಗಳು ಎಲ್ಲವೂ ಒಂದೇ ಥರ ಅಲ್ಲ. ಸೇರಿಲ್ಲದಿದ್ದರೆ ಸೋರಿದ ಕರೆಂಟಿಗೆ ತಿರುಗಿ ಹೋಗುವ ದಾರಿ ಇಲ್ಲ. ಆಗ ಮೊದಲ ಸಲ ವೈರು ಮೈಗೆ ತಾಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಪೆಟ್ಟಿಗೆಯೂ ಬೀಳುವುದಿಲ್ಲ. ಇನ್ನೊಂದು ಕಡೆ ತಾಗಿದಾಗ ಅಪಾಯ. ಆದ್ದರಿಂದ ಕಂಬದ ಕರೆಂಟಿನಲ್ಲಿ ಒಂದು ಸಲ, ಬ್ಯಾಟರಿಯಲ್ಲಿ ಒಂದು ಸಲ, ಎರಡರಲ್ಲೂ ಪರೀಕ್ಷೆ ಮಾಡಿ ತೋರಿಸಿ ಅನ್ನಿ. ನೀವೇ ಪ್ಲಗ್ಗಿನೊಳಗೆ ನ್ಯೂಟ್ರಲಿಗೂ ಅರ್ಥಿಗೂ ಗಂಟು ಹಾಕಬೇಡಿ. ಹೊರಗೆ ನ್ಯೂಟ್ರಲ್ ಹರಿದ ದಿನ ಫ್ರಿಜ್ಜಿನ ಮೈ, ಗ್ರೈಂಡರಿನ ಮೈ ಎಲ್ಲವೂ ಕರೆಂಟಾಗುತ್ತದೆ.

ಜನರೇಟರ್ ಇದ್ದವರಿಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿಕೊಂಡು, ಗೋಡೆಯ ಪ್ಲಗ್ಗಿನಿಂದಲೇ ಮನೆಗೆಲ್ಲ ಕರೆಂಟು ಕೊಡುವವರಿದ್ದಾರೆ. ಆ ಕರೆಂಟು ಮನೆಯಲ್ಲಿ ನಿಲ್ಲುವುದಿಲ್ಲ. ಮೀಟರು ದಾಟಿ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಅಲ್ಲಿ 11,000 ವೋಲ್ಟ್ ಕೆಳಗೆ ಇಳಿಯುವಾಗ 230 ಆಗುತ್ತದಲ್ಲ? ತಿರುಗಿ ಹತ್ತುವಾಗ 230 ಮತ್ತೆ 11,000 ಆಗುತ್ತದೆ. ನಮಗೋಸ್ಕರ ಮಳೆಯಲ್ಲಿ ನೆನೆಯುತ್ತಾ ಕಂಬದ ಮೇಲೆ ಕೈ ಹಾಕಿದವನು ಲೈನ್‌ಮನ್. ಲೈನು ಬಂದ್ ಇದೆ ಅಂತ ಅವನು ತಿಳಿದಿದ್ದಾನೆ. ಅವನ ಮನೆಯಲ್ಲೂ ಕಾಯುವವರಿದ್ದಾರೆ. ಫೇಸು, ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಚ್ಚಬೇಡಿ. ಜನರೇಟರಿನ ಮೈಗೂ ಅರ್ಥಿಂಗ್ ಬೇಕು. ಅದನ್ನು ಜಗಲಿಯ ಒಳಗೆ ಇಡಬೇಡಿ, ಹೊಗೆ ಕೊಲ್ಲುತ್ತದೆ.

ಅಡಿಕೆ ಕೊಯ್ಯುವ ಉದ್ದ ದೋಟಿಯ ಬಗ್ಗೆ ಇಲ್ಲಿ ಕುಳಿತ ಅಣ್ಣಂದಿರು ಕೇಳಿದರು. ಅಲ್ಯೂಮಿನಿಯಂ ದೋಟಿಯಲ್ಲೂ ಕರೆಂಟು ಹರಿಯುತ್ತದೆ, ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ. ತೋಟದ ಮೇಲೆ ಲೈನಿದ್ದ ಕಡೆ ಅದನ್ನು ಎತ್ತಬೇಡಿ. ಅಲ್ಲಿ ಯಾವ ಮನೆಯ ಅರ್ಥಿಂಗೂ ಕಾಯುವುದಿಲ್ಲ.

ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೇನ್ ತೆಗೆಯಿರಿ, ಇನ್ವರ್ಟರ್ ಬಂದ್ ಮಾಡಿ. ಆಗದಿದ್ದರೆ ಒಣ ಮರದ ಕೋಲಿನಿಂದ ವೈರನ್ನು ದೂಡಿ. ಹೊರಗಿನ ಲೈನಿನ ತಂತಿಯಾದರೆ ಹತ್ತಿರವೂ ಹೋಗಬೇಡಿ, 1912ಕ್ಕೆ ಫೋನು ಮಾಡಿ. ಬಿದ್ದವರಿಗೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ, ನಿಮಿಷಕ್ಕೆ ನೂರಕ್ಕಿಂತ ಕಡಿಮೆ ಆಗದ ಹಾಗೆ. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ.

ಖರ್ಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಗುಂಡಿ ನಾವೇ ತೋಡಿದೆವು. ಪೈಪು, ಉಪ್ಪು, ಇದ್ದಿಲು, ಎರಡು ಪೆಟ್ಟಿಗೆ, ವೈರ್‌ಮನ್ ಕೂಲಿ ಎಲ್ಲ ಸೇರಿ ಒಂದು ಸಾಧಾರಣ ಮೊಬೈಲಿನ ದುಡ್ಡಾಯಿತು. ಎಮ್ಮೆಯ ಬೆಲೆ ಅದರ ಎಷ್ಟು ಪಟ್ಟು ಅಂತ ನಿಮಗೆ ಗೊತ್ತಿದೆ.

ಇವತ್ತಿನ ಬರವಣಿಗೆಗೆ ಒಂದು ಕೆಲಸ ಕೊಡುತ್ತೇವೆ. ಒಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ:

ಎಚ್ಚರಿಕೆ. ಈ ಮನೆಯಲ್ಲಿ ಇನ್ವರ್ಟರ್ ಇದೆ. ಮೇನ್ ತೆಗೆದರೂ ಕರೆಂಟು ಇರುತ್ತದೆ.

ಅದನ್ನು ನಿಮ್ಮ ಮೇನ್ ಬೋರ್ಡಿನ ಪಕ್ಕದಲ್ಲಿ ಅಂಟಿಸಿ. ಇನ್ವರ್ಟರ್ ಸ್ವಿಚ್ ಎಲ್ಲಿದೆ ಅಂತಲೂ ಕೆಳಗೆ ಬರೆಯಿರಿ. ಹೊಸ ವೈರ್‌ಮನ್ ಬಂದಾಗ ನಿಮ್ಮ ಅಕ್ಷರವನ್ನೇ ಅವನು ಮೊದಲು ಓದುತ್ತಾನೆ. ನಮ್ಮ ಮನೆಯ ಬೋರ್ಡಿನ ಮೇಲೆ ಇರುವುದು ಅಜ್ಜಿಯ ಅಕ್ಷರ. ಎಪ್ಪತ್ತು ದಾಟಿದ ಮೇಲೆ ಕಲಿತದ್ದು. 'ಚ್ಚ'ದ ಒತ್ತು ಸ್ವಲ್ಪ ಓರೆಯಾಗಿದೆ. ಆದರೂ ದೂರದಿಂದ ಓದಲು ಬರುತ್ತದೆ.

ಗುಂಡಿ ನೋಡಬೇಕು ಅನ್ನುವವರು ಈಗಲೇ ನಮ್ಮ ಜೊತೆ ಬನ್ನಿ. ಮನೆ ಇಲ್ಲೇ ಹತ್ತಿರ. ಬೆಳಕು ಇರುವಾಗಲೇ ಮುಚ್ಚಳ ಎತ್ತಿ ತೋರಿಸುತ್ತೇವೆ.